ಹಳೇ ಎಸ್ಟೀಮ್ ಹಗುರ ಮಾಡಿ 402 ಮೀಟರ್ ಡ್ರ್ಯಾಗ್‌ಗೆ ಇಳಿಸೋದು: ಎಲ್ಲಿಂದ ಶುರು ಮಾಡಬೇಕು?

ತುಮಕೂರು_ಜಿ13:

ಎಲ್ಲರಿಗೂ ನಮಸ್ಕಾರ. 2003ರ ಮಾರುತಿ ಎಸ್ಟೀಮ್ ವಿಎಕ್ಸ್‌ಐ ಒಂದು ಕೈಗೆ ಬರ್ತಾ ಇದೆ. 1298 ಸಿಸಿ, 16 ವಾಲ್ವ್, ಎಂಪಿಎಫ್‌ಐ, ಕಂಪನಿ ಲೆಕ್ಕಕ್ಕೆ 85 ಬಿಎಚ್‌ಪಿ. ಆರ್‌ಸಿಯಲ್ಲಿ ತೂಕ 875 ಕೆಜಿ. ಇದನ್ನ ರಸ್ತೆಗೆ ಇಳಿಸೋ ಯೋಚನೆ ಇಲ್ಲ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಸ್ಪೋರ್ಟ್ಸ್ ಒಕ್ಕೂಟ) ಅನುಮತಿ ಇರೋ ಡ್ರ್ಯಾಗ್ ಕೂಟಗಳಿಗೆ, ಅಂದರೆ ನಿಂತಲ್ಲಿಂದ ನೇರಕ್ಕೆ ಓಡೋ ರೇಸ್‌ಗೆ ಮಾತ್ರ, ಟ್ರೇಲರ್ ಮೇಲೆ ತಗೊಂಡು ಹೋಗೋದು. ಟರ್ಬೊ, ನೈಟ್ರಸ್ ಎರಡೂ ಬೇಡ. 402 ಮೀಟರ್, ಅಂದರೆ ಕಾಲು ಮೈಲಿ, 15 ಸೆಕೆಂಡಿನ ಒಳಗೆ ಬರಬೇಕು ಅನ್ನೋದು ಗುರಿ.

ಕೇಳೋದು ಇಷ್ಟು. ಬಾಡಿಯಿಂದ ನಿಜವಾಗಿ ಎಷ್ಟು ಕೆಜಿ ಇಳಿಸಬಹುದು, ಏನನ್ನ ಮುಟ್ಟಬಾರದು? ರೋಲ್ ಕೇಜ್ (ಪಲ್ಟಿಯಾದರೆ ಡ್ರೈವರನ್ನ ಕಾಯೋ ಪೈಪಿನ ಗೂಡು) ಹಾಕಿದರೆ ಉಳಿಸಿದ ತೂಕವೆಲ್ಲ ಮತ್ತೆ ಬಂದುಬಿಡುತ್ತಾ? ದುಡ್ಡು ಮೊದಲು ಎಂಜಿನ್‌ಗೆ ಹಾಕಲಾ, ಟೈರ್-ಕ್ಲಚ್‌ಗೆ ಹಾಕಲಾ? ಡಿಫರೆನ್ಷಿಯಲ್ (ಎರಡು ಚಕ್ರಕ್ಕೂ ಶಕ್ತಿ ಹಂಚೋ ಗೇರು) ವೆಲ್ಡ್ ಮಾಡಿಸು ಅಂತ ಇಬ್ಬರು ಹೇಳಿದ್ದಾರೆ. ಮುಂದಿನ ಚಕ್ರ ಓಡಿಸೋ ಗಾಡಿಗೆ ಅದು ಸರೀನಾ? ಬ್ಯಾಟರಿಯನ್ನ ಡಿಕ್ಕಿಗೆ ಸಾಗಿಸಬೇಕು ಅಂತಲೂ ಓದಿದ್ದೀನಿ.

---

ಕಾಲುಮೈಲಿ_ಲೆಕ್ಕ:

ಗಾಡಿ ಆಯ್ಕೆ ಚೆನ್ನಾಗಿದೆ. ಬ್ಲಾಕ್, ಹೆಡ್ ಎರಡೂ ಅಲ್ಯೂಮಿನಿಯಂ, ಬಾಡಿ ಮೊದಲೇ ಹಗುರ, ಈ ಜಿ13 ಎಂಜಿನ್ನಿನ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಶಿವಾಜಿನಗರದ ಗುಜರಿಯಲ್ಲೂ ಇನ್ನೂ ಸಿಗುತ್ತೆ. ದುಡ್ಡು ಕೊಡೋ ಮುಂಚೆ ಎರಡು ಕಡೆ ನೋಡಿ. ಒಂದು, ಗಾಡಿ ಎತ್ತಿಸಿ ರನ್ನಿಂಗ್ ಬೋರ್ಡ್‌ನ ಒಳಭಾಗ, ಸ್ಟ್ರಟ್ ಕೂರುವ ಜಾಗ, ಲೋವರ್ ಆರ್ಮ್ ಬೋಲ್ಟ್ ಆಗುವ ಜಾಗ ಸ್ಕ್ರೂಡ್ರೈವರ್‌ನಲ್ಲಿ ಚುಚ್ಚಿ. ಅಲ್ಲಿ ತುಕ್ಕು ಹಿಡಿದಿದ್ದರೆ ಕೇಜ್‌ಗೆ ಆಧಾರವೇ ಇರಲ್ಲ, ಬೇರೆ ಗಾಡಿ ಹುಡುಕಿ. ಎರಡು, ಎಂಜಿನ್ ಬಿಸಿ ಮಾಡಿ, ಥ್ರಾಟಲ್ ಪೂರ್ತಿ ಒತ್ತಿ ಕಂಪ್ರೆಷನ್ ನೋಡಿಸಿ. ಚದರ ಸೆಂಮೀಗೆ 14 ಕೆಜಿ ಆಸುಪಾಸು ಇದ್ದರೆ ಆರೋಗ್ಯವಾಗಿದೆ. ಯಾವುದೇ ಸಿಲಿಂಡರ್ 12ಕ್ಕಿಂತ ಕೆಳಗಿದ್ದರೆ, ಅಥವಾ ಒಂದಕ್ಕೂ ಇನ್ನೊಂದಕ್ಕೂ 1 ಕೆಜಿಗಿಂತ ಹೆಚ್ಚು ವ್ಯತ್ಯಾಸ ಇದ್ದರೆ ಎಂಜಿನ್ ಬಿಚ್ಚೋದೇ ಅಂತ ಲೆಕ್ಕ ಹಾಕಿ ಬೆಲೆ ಮಾತಾಡಿ.

ಈಗ 15 ಸೆಕೆಂಡಿನ ಲೆಕ್ಕ. ಡ್ರ್ಯಾಗ್‌ನವರು ಬಳಸುವ ಸೂತ್ರವನ್ನ ಕೆಜಿಗೆ ತಿರುಗಿಸಿದರೆ ಹೀಗೆ ಬರುತ್ತೆ: ಒಟ್ಟು ತೂಕವನ್ನ ಬಿಎಚ್‌ಪಿಯಿಂದ ಭಾಗಿಸಿ, ಅದರ ಘನಮೂಲ ತೆಗೆದು, 7.58ರಿಂದ ಗುಣಿಸಿ. ಕಂಪನಿ ಗಾಡಿ 875, ಡ್ರೈವರ್ 70, ಒಟ್ಟು 945 ಕೆಜಿ. 85 ಬಿಎಚ್‌ಪಿಗೆ 16.9 ಸೆಕೆಂಡ್. ಡ್ರೈವರ್ ಸೇರಿ 800 ಕೆಜಿಗೆ ಇಳಿಸಿದರೆ ಅದೇ ಎಂಜಿನ್‌ನಲ್ಲಿ 16.0. ಅದೇ 800 ಕೆಜಿಗೆ 105 ಬಿಎಚ್‌ಪಿ ಇದ್ದರೆ 14.9, ಗೆರೆ ದಾಟುವಾಗ ವೇಗ ಸುಮಾರು 147 ಕಿಮೀ. ಅಂದರೆ ತೂಕ ಇಳಿಸೋದೊಂದರಿಂದಲೇ ಗುರಿ ಮುಟ್ಟಲ್ಲ, ಎಂಜಿನ್ ಒಂದರಿಂದಲೂ ಮುಟ್ಟಲ್ಲ. ಅದೂ ಟೈರ್ ಹಿಡಿತ ಚೆನ್ನಾಗಿದ್ದು, ಗೇರ್ ತಪ್ಪದೆ ಬಿದ್ದರೆ ಬರುವ ಅಂಕಿ.

ಇನ್ನೊಂದು ವಿಷಯವನ್ನ ಬಹಳ ಜನ ಮರೀತಾರೆ. ಬೆಂಗಳೂರು, ತುಮಕೂರು ಸಮುದ್ರ ಮಟ್ಟದಿಂದ 800-900 ಮೀಟರ್ ಮೇಲಿವೆ. 900 ಮೀಟರಿನಲ್ಲಿ ಗಾಳಿಯ ಒತ್ತಡ ಸುಮಾರು 10% ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನ ಶಕ್ತಿಯೂ ಹೆಚ್ಚುಕಮ್ಮಿ ಅಷ್ಟೇ ಕುಸಿಯುತ್ತೆ. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ 14.9 ಓಡೋ ಗಾಡಿ ಇಲ್ಲಿ 15.4ರ ಹತ್ತಿರ ಬರುತ್ತೆ. ಗಾಡಿಯಲ್ಲಿ ಏನೋ ಕೆಟ್ಟಿದೆ ಅಂತ ಆಗ ಎಂಜಿನ್ ಬಿಚ್ಚಬೇಡಿ.

---

ಪೈಪ್_ಬೆಂಡಿಂಗ್:

ತೂಕ ಮತ್ತು ಕೇಜ್ ಬಗ್ಗೆ ನಾನು ಹೇಳ್ತೀನಿ. ಮುಂದಿನ ಚಕ್ರ ಓಡಿಸೋ ಗಾಡಿಯಲ್ಲಿ ಎಷ್ಟು ಕೆಜಿ ತೆಗೆದಿರಿ ಅನ್ನೋದಕ್ಕಿಂತ ಎಲ್ಲಿಂದ ತೆಗೆದಿರಿ ಅನ್ನೋದು ದೊಡ್ಡದು. ಹೊರಡುವಾಗ ಭಾರ ಹಿಂದಕ್ಕೆ ವಾಲುತ್ತೆ, ಓಡಿಸುವ ಚಕ್ರದ ಮೇಲಿನ ಒತ್ತಡ ಕಡಿಮೆಯಾಗುತ್ತೆ. ಎಸ್ಟೀಮ್‌ನ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) 2365 ಮಿಮೀ. ಭಾರದ ಕೇಂದ್ರ ನೆಲದಿಂದ 50 ಸೆಂಮೀ ಎತ್ತರದಲ್ಲಿದೆ ಅಂತಿಟ್ಟುಕೊಳ್ಳಿ, ಟೈರ್ ಹಿಡಿತ 0.9. ಒಟ್ಟು 800 ಕೆಜಿಯಲ್ಲಿ 60% ಮುಂದೆ ಇದ್ದರೆ ಹೊರಡುವ ವೇಗವರ್ಧನೆ 0.45 ಜಿ (ಗುರುತ್ವ ವೇಗವರ್ಧನೆಯ 0.45 ಪಾಲು) ದಾಟಲ್ಲ. ಅದೇ 800ರಲ್ಲಿ 66% ಮುಂದೆ ಇದ್ದರೆ 0.50 ಜಿ. ಒಂದು ರೂಪಾಯಿ ಎಂಜಿನ್‌ಗೆ ಹಾಕದೆ ಹತ್ತರಲ್ಲಿ ಒಂದು ಪಾಲು ಲಾಭ. ಆದ್ದರಿಂದ ಬ್ಯಾಟರಿ ಎಲ್ಲಿದೆಯೋ ಅಲ್ಲೇ ಇರಲಿ. ಡಿಕ್ಕಿಗೆ ಸಾಗಿಸೋದು ಹಿಂದಿನ ಚಕ್ರ ಓಡಿಸೋ ಗಾಡಿಯವರ ಕೆಲಸ.

ಹಿಂದಿನಿಂದ ಶುರು ಮಾಡಿ. ಸ್ಟೆಪ್ನಿ, ಜ್ಯಾಕ್, ಪಾನಾ ಸೇರಿ 15 ಕೆಜಿ. ಹಿಂದಿನ ಸೀಟು 15-16. ಪಕ್ಕದ ಸೀಟು ರೈಲ್ ಸಮೇತ 14. ಕಾರ್ಪೆಟ್, ರೂಫ್ ಲೈನಿಂಗ್, ಡೋರ್ ಪ್ಯಾಡ್, ಗ್ಲಾಸ್ ಏರಿಸೋ ಮೆಷಿನ್ ಎಲ್ಲ ಸೇರಿದರೆ 25ರ ಮೇಲೆ. ಸೈಲೆನ್ಸರ್‌ನ ಹಿಂದಿನ ಡಬ್ಬ ತೆಗೆದು ಪೈಪನ್ನ ಪಕ್ಕಕ್ಕೆ ಬಿಟ್ಟರೆ 8. ಶಬ್ದದ ಮಿತಿ ಏನಿದೆ ಅಂತ ಕೂಟದ ನಿಯಮ ನೋಡಿ. ಪೆಟ್ರೋಲ್ 10 ಲೀಟರ್ ಇದ್ದರೆ ಸಾಕು, ತುಂಬಿದ ಟ್ಯಾಂಕಿಗಿಂತ 20 ಕೆಜಿಗೂ ಹೆಚ್ಚು ಹಗುರ. ಅದಕ್ಕಿಂತ ಕೆಳಗೆ ಹೋಗಬೇಡಿ. ಹೊರಟ ರಭಸಕ್ಕೆ ಪೆಟ್ರೋಲ್ ಟ್ಯಾಂಕಿನ ಹಿಂಬದಿಗೆ ಸರಿದು ಪಂಪು ಗಾಳಿ ಎಳೆಯುತ್ತೆ, ಪೂರ್ತಿ ಥ್ರಾಟಲ್‌ನಲ್ಲಿ ಎರಡು ಸೆಕೆಂಡ್ ಪೆಟ್ರೋಲ್ ಕೊರತೆಯಾದರೆ ಪಿಸ್ಟನ್ ಕರಗೋಕೆ ಅಷ್ಟೇ ಸಾಕು. ಎಸಿ ಪೂರ್ತಿ ತೆಗೆದರೆ 20 ಕೆಜಿ. ಅದು ಮುಂದಿನ ತೂಕ ನಿಜ, ಆದರೆ ಸತ್ತ ತೂಕ, ಹೋಗಲಿ. ಗ್ಯಾಸನ್ನ ಎಸಿ ಮೆಕ್ಯಾನಿಕ್ ಹತ್ತಿರ ಮೆಷಿನ್‌ಗೆ ಎಳೆಸಿ, ಪೈಪ್ ಕತ್ತರಿಸಿ ಗಾಳಿಗೆ ಬಿಡಬೇಡಿ.

ಫ್ಲೋರ್ ಮೇಲಿನ ಡಾಂಬರು ಶೀಟು 8-10 ಕೆಜಿ ಇರುತ್ತೆ. ಬ್ಲೋಲ್ಯಾಂಪ್ ಹಚ್ಚಿ ಕೆರೆದರೆ ಅಂಟಾಗಿ ಹರಡುತ್ತೆ, ಕೆಳಗಿನ ವೈರಿಂಗ್ ಸುಡುತ್ತೆ. ಡ್ರೈ ಐಸ್ ಹರಡಿ ಹತ್ತು ನಿಮಿಷ ಬಿಟ್ಟು ಸುತ್ತಿಗೆಯಲ್ಲಿ ತಟ್ಟಿದರೆ ಹಪ್ಪಳದ ಹಾಗೆ ಒಡೆದು ಏಳುತ್ತೆ. ಚರ್ಮದ ಗ್ಲೌಸ್ ಹಾಕಿ, ನಾಲ್ಕೂ ಬಾಗಿಲು ತೆಗೆದಿಡಿ. ಮುಚ್ಚಿದ ಗಾಡಿಯೊಳಗೆ ಆ ಗ್ಯಾಸ್ ಉಸಿರು ಕಟ್ಟಿಸುತ್ತೆ.

ಪಕ್ಕದ ಗ್ಲಾಸ್ ಮತ್ತು ಹಿಂದಿನ ಗ್ಲಾಸ್ 3 ಮಿಮೀ ಪಾಲಿಕಾರ್ಬೊನೇಟ್‌ಗೆ ಬದಲಾಯಿಸಿದರೆ ಆ ತೂಕ ಅರ್ಧಕ್ಕಿಂತ ಕೆಳಗೆ ಬರುತ್ತೆ. ಅಂಗಡಿಯಲ್ಲಿ ಅಕ್ರಿಲಿಕ್ ಕೊಟ್ಟರೆ ತಗೋಬೇಡಿ, ಅದು ಒಡೆದರೆ ಚೂರಿಯ ಹಾಗೆ ಚೂರಾಗುತ್ತೆ. ಸ್ಕ್ರೂ ತೂತು 1-2 ಮಿಮೀ ದೊಡ್ಡದಿರಲಿ. ಬಿಸಿಲಿಗೆ ಶೀಟು ಹಿಗ್ಗುತ್ತೆ, ಬಿಗಿ ಕೂರಿಸಿದರೆ ತೂತಿನಿಂದಲೇ ಸೀಳು ಬಿಡುತ್ತೆ. ಥಿನ್ನರ್‌ನಲ್ಲಿ ಒರೆಸಿದರೂ ಅದೇ ಗತಿ, ಸೋಪು ನೀರು ಮಾತ್ರ. ಮುಂದಿನ ಗ್ಲಾಸ್ ಮುಟ್ಟಬೇಡಿ. ಬಾಗಿಲೊಳಗಿನ ಅಡ್ಡ ಕಬ್ಬಿಣ, ಮುಂದಿನ ಕ್ರಾಸ್ ಮೆಂಬರ್, ಸ್ಟ್ರಟ್ ಟವರ್, ಡ್ಯಾಶ್ ಹಿಂದಿನ ಪೈಪು, ಇವುಗಳಿಗೆ ಗ್ರೈಂಡರ್ ತಾಗಿಸಲೇಬಾರದು. ಡ್ರಿಲ್‌ನಲ್ಲಿ ಎಲ್ಲೆಂದರಲ್ಲಿ ತೂತು ಹೊಡೆದು ಹಗುರ ಮಾಡೋದರಿಂದ ಒಂದೆರಡು ಕೆಜಿ ಸಿಗಬಹುದು, ಬಾಡಿ ಮಾತ್ರ ತಿರುಚೋಕೆ ಶುರುವಾಗುತ್ತೆ.

ಕೇಜ್‌ಗೆ ಹಾರ್ಡ್‌ವೇರ್ ಅಂಗಡಿಯ ನೀರಿನ ಪೈಪು ಬೇಡವೇ ಬೇಡ. ಸಿಡಿಎಸ್ ಸೀಮ್‌ಲೆಸ್ ಟ್ಯೂಬು (ತಣ್ಣಗೆ ಎಳೆದು ಮಾಡಿದ, ಜೋಡಣೆ ಇಲ್ಲದ ಪೈಪು) ಕೇಳಿ. ಎಫ್‌ಐಎ (ಅಂತರರಾಷ್ಟ್ರೀಯ ಮೋಟಾರ್ ರೇಸಿಂಗ್ ಸಂಸ್ಥೆ) ನಿಯಮದಲ್ಲಿ ಡ್ರೈವರ್ ಹಿಂದಿನ ಮುಖ್ಯ ಕಮಾನಿಗೆ 45 ಮಿಮೀ ಹೊರವ್ಯಾಸ, 2.5 ಮಿಮೀ ಗೋಡೆ. ಉಳಿದವಕ್ಕೆ 38 ಮಿಮೀ, 2.5 ಮಿಮೀ. ಮೊದಲನೆಯದು ಮೀಟರಿಗೆ 2.6 ಕೆಜಿ, ಎರಡನೆಯದು 2.2. ಮುಖ್ಯ ಕಮಾನು, ಹಿಂದಕ್ಕೆ ಎರಡು ಆಸರೆ ಪೈಪು, ಒಂದು ಕರ್ಣ, ಬೆಲ್ಟ್ ಕಟ್ಟುವ ಅಡ್ಡಪಟ್ಟಿ, ಎರಡು ಬಾಗಿಲ ಪಟ್ಟಿ, ಇಷ್ಟಕ್ಕೆ ಸುಮಾರು 29 ಕೆಜಿ. ಕಾಲು ಕೂರುವ ಕಡೆ ಫ್ಲೋರ್ ತಗಡಿಗೇ ನೇರ ವೆಲ್ಡ್ ಮಾಡಿದರೆ ಪಲ್ಟಿಯಲ್ಲಿ ಪೈಪು ತಗಡನ್ನ ತೂರಿಕೊಂಡು ಕೆಳಗಿಳಿಯುತ್ತೆ. 3 ಮಿಮೀ ದಪ್ಪದ, ಕಡಿಮೆ ಅಂದರೆ 120 ಚದರ ಸೆಂಮೀ ಪ್ಲೇಟು ಇಟ್ಟು ಅದರ ಮೇಲೆ ಕೂರಿಸಿ. ಬೆಂಡ್ ಮಾಡೋವಾಗ ಒಳಮೈ ಸುಕ್ಕುಗಟ್ಟಿದ ಪೈಪನ್ನ ವಾಪಸ್ ಕೊಡಿ, ಬಗ್ಗೋದು ಅಲ್ಲಿಂದಲೇ.

ಇಷ್ಟೆಲ್ಲ ಮಾಡಿ, ಉಳಿದ ಸಣ್ಣಪುಟ್ಟ ತೂಕವನ್ನೂ ಹುಡುಕಿ ತೆಗೆದು, ಕೇಜ್ ಸೇರಿಸಿದ ಮೇಲೆ 730 ಕೆಜಿ ಬಂದರೆ ಒಳ್ಳೆಯ ಕೆಲಸ ಆಗಿದೆ ಅಂತ. 650 ಅಂತ ಯಾರಾದರೂ ಹೇಳಿದರೆ ಕೇಜ್ ಹಾಕಿಲ್ಲ, ಇಲ್ಲವೇ ತೂಗಿಲ್ಲ. ಲಾರಿ ವೇಬ್ರಿಡ್ಜ್ 5 ಅಥವಾ 10 ಕೆಜಿ ಲೆಕ್ಕದಲ್ಲಿ ತೋರಿಸೋದರಿಂದ ಈ ಕೆಲಸಕ್ಕೆ ಸಾಲದು. ಮಂಡಿಯಲ್ಲಿ ಮೂಟೆ ತೂಗೋ 300 ಕೆಜಿಯ ಪ್ಲಾಟ್‌ಫಾರ್ಮ್ ತಕ್ಕಡಿ ನಾಲ್ಕು ಬಾಡಿಗೆಗೆ ತನ್ನಿ, ಸಮ ನೆಲದಲ್ಲಿ ಚಕ್ರಕ್ಕೊಂದು ಇಟ್ಟು, ಡ್ರೈವರನ್ನ ಕೂರಿಸಿ ತೂಗಿ.

---

ಹುಬ್ಬಳ್ಳಿ_ಗೇರ್‌ಬಾಕ್ಸ್:

ಮ್ಯಾಲೆ ಹೇಳಿದ್ದು ಖರೇ ಐತ್ರಿ. ರೊಕ್ಕ ಮೊದಲು ಟೈರು, ಕ್ಲಚ್ಚು, ಮೌಂಟಿಂಗ್‌ಗೆ ಹಾಕ್ರಿ. ಮೊದಲಿನ 18 ಮೀಟರಿನ್ಯಾಗ ಒಂದು ಹತ್ತಾಂಶ ಸೆಕೆಂಡ್ ಉಳಿಸಿದ್ರ ಕೊನೀ ಗೆರಿಯೊಳಗ ಒಂದೂವರಿ ಹತ್ತಾಂಶಕ್ಕಿಂತ ಕಮ್ಮಿ ಸಿಗಂಗಿಲ್ಲ. ಅಷ್ಟನ್ನ ಎಂಜಿನ್‌ನಿಂದ ತಗೀಬೇಕಂದ್ರ ಭಾಳ ಖರ್ಚು.

ಮುಂದ ಮೆತ್ತನ ಕಾಂಪೌಂಡಿನ ಸೆಮಿ ಸ್ಲಿಕ್ (ಗೀರು ಕಮ್ಮಿ ಇರೂ ರೇಸ್ ಟೈರು) ಹಾಕಿ 18-20 ಪಿಎಸ್‌ಐ, ಹಿಂದ ಸಣ್ಣ ಅಗಲದ ಟೈರ್ ಹಾಕಿ 40 ಪಿಎಸ್‌ಐ ಇಡ್ರಿ. ಈಗ 175/70 ಆರ್13 ಇದ್ರ ಮುಂದ 175/60 ಹಾಕಿದಾಗ ಸುತ್ತಳತಿ 1.81 ಮೀಟರಿಂದ 1.70ಕ್ಕ ಇಳೀತೈತಿ, ಗೇರ್ ರೇಷಿಯೊ 6% ಗಿಡ್ಡ ಮಾಡಿದಂಗ. ಆದ್ರ ಅದರ ಹಿಂದ ಒಂದು ತೊಡಕು ಐತಿ. 147 ಕಿಮೀ ವೇಗಕ್ಕ 1.70 ಮೀಟರಿನ ಚಕ್ರ ನಿಮಿಷಕ್ಕ 1440 ಸುತ್ತು ತಿರುಗತೈತಿ. ಎಂಜಿನ್ 6800 ಆರ್‌ಪಿಎಂಗೆ ಬಿಡ್ತೀರಿ ಅಂದ್ರ ಒಟ್ಟು ರೇಷಿಯೊ 4.72. ನಿಮ್ಮ ಮೂರನೇ ಗೇರನ್ನ ಫೈನಲ್ ಡ್ರೈವ್‌ಲೆ ಗುಣಿಸಿ ನೋಡ್ರಿ. 4.72ಕ್ಕಿಂತ ಹೆಚ್ಚು ಬಂದ್ರ ಗೆರಿ ಮುಟ್ಟೂ ಮೊದಲ ನಾಕನೇ ಗೇರಿಗೆ ಹೋಗಬೇಕಾಗತೈತಿ, ಆ ಒಂದು ಶಿಫ್ಟಿಗೆ ಕಮ್ಮಿ ಅಂದ್ರೂ 0.2 ಸೆಕೆಂಡ್ ಹೋತು. ಲೆಕ್ಕ ಹಾಕಿದ ಮ್ಯಾಲೇ ಟೈರ್ ತಗೊಳ್ರಿ.

ಡಿಫರೆನ್ಷಿಯಲ್ ವಿಷಯ. ಕಂಪನಿ ಓಪನ್ ಡಿಫ್‌ನ್ಯಾಗ ಒಂದು ಚಕ್ರ ಜಾರಿದ್ರ ಇನ್ನೊಂದಕ್ಕ ಜೋರು ಬರಂಗಿಲ್ಲ, ಹಂಗಾಗಿ ಲಾಕ್ ಮಾಡೂದು ನೇರ ಓಟಕ್ಕ ಉಪಯೋಗದ್ದೇ. ಆದ್ರ ಡಿಫ್ ಒಳಗಿನ ಸಣ್ಣ ಸ್ಪೈಡರ್ ಗೇರ್ ವೆಲ್ಡ್ ಮಾಡಬ್ಯಾಡ್ರಿ. ಅವು ಕೇಸ್ ಹಾರ್ಡನ್ ಮಾಡಿದ ಗೇರು, ಹೊರಮೈ ಕಾರ್ಬನ್ ಹೆಚ್ಚು. ವೆಲ್ಡ್ ತಣ್ಣಗಾಗೂದ್ರಾಗ ಪಕ್ಕದಾಗ ಕೂದಲೆಳಿ ಸೀಳು ಬೀಳತಾವು, ನಾಕಾರು ಲಾಂಚಿಗೆ ಚೂರು ಕಿತ್ತು ಕ್ರೌನ್ ಪಿನಿಯನ್ ನಡುವ ಸಿಕ್ಕು ಗೇರ್‌ಬಾಕ್ಸ್ ಒಡಲ ಒಡದು ಹಾಕತಾವು. ಪ್ಲೇಟ್ ಎಲ್‌ಎಸ್‌ಡಿ (ಚಕ್ರ ಜಾರೂದನ್ನ ತಡಿಯೂ ಡಿಫ್) ಸಿಕ್ರ ಅದ ಉತ್ತಮ. ಇಲ್ಲಂದ್ರ ಇಎನ್24 ಉಕ್ಕಿನ್ಯಾಗ ಸ್ಪೂಲ್ (ಎರಡೂ ಆಕ್ಸಲ್ ಒಂದಕ್ಕೊಂದು ಕಟ್ಟೂ ಗಟ್ಟಿ ತುಂಡು) ಮಾಡಸ್ರಿ. ಸ್ಪ್ಲೈನ್ ಹೊಡಿಯೂ ಮೆಷಿನ್ ಇರೂ ವರ್ಕ್‌ಶಾಪ್ ಬೇಕು, ಪೀಣ್ಯದಾಗ ಸಿಗತಾವು. ಲಾಕ್ ಮಾಡಿದ್ರಿ ಅಂದ್ರ ಪವರ್ ಸ್ಟೀರಿಂಗ್ ತಗೀಬ್ಯಾಡ್ರಿ, ಸ್ಟೀರಿಂಗ್ ಭಾಳ ಬಿಗಿ ಬರತೈತಿ. ಪಿಟ್‌ನ್ಯಾಗ ಪೂರ್ತಿ ತಿರುವಿ ಓಡಿಸಬ್ಯಾಡ್ರಿ, ಆಕ್ಸಲ್ ಜಾಯಿಂಟ್ ಅಲ್ಲೇ ಮುರೀತೈತಿ. ಎರಡೂ ಕಡಿಗೂ ಒಂದೊಂದು ಸ್ಪೇರ್ ಆಕ್ಸಲ್ ಟ್ರೇಲರಿನ್ಯಾಗ ಇರಲಿ.

ಎಂಜಿನ್ ಮೌಂಟಿಂಗ್, ಲೋವರ್ ಆರ್ಮ್ ಬುಷ್ ಹಳೇವು ಇದ್ರ ಹೊರಡೂ ಮುಂದ ಚಕ್ರ ಕುಣೀತೈತಿ. ಹಿಡಿತ ಬರೂದು ಹೋಗೂದು ಸೆಕೆಂಡಿಗೆ ಹತ್ತಾರು ಸಲ, ಅದ ಪೆಟ್ಟು ಆಕ್ಸಲ್‌ಗೆ ಬೀಳೂದು. ಪಾಲಿಯುರೆಥೇನ್ ಬುಷ್ ಹಾಕ್ರಿ. ಕುಣಿಯಾಕ ಶುರು ಆತಂದ್ರ ಥ್ರಾಟಲ್ ಬಿಟ್ಟುಬಿಡ್ರಿ, ಆ ಓಟ ಹೋತು ಅನಕೊಳ್ರಿ.

---

ತುಮಕೂರು_ಜಿ13:

ಬಹಳ ಉಪಕಾರ ಆಯ್ತು. ಬ್ಯಾಟರಿ ಮುಂದೆಯೇ ಇರಲಿ ಹಾಗಾದರೆ. ಎರಡು ಪ್ರಶ್ನೆ ಉಳಿದಿವೆ. 85ರಿಂದ 105ಕ್ಕೆ ಟರ್ಬೊ ಇಲ್ಲದೆ ಹೋಗೋದು ಹೇಗೆ? ಹೆಡ್ 1 ಮಿಮೀ ಉಜ್ಜಿಸಿ, ಫ್ಲೈವೀಲ್ ಲೇತ್‌ಗೆ ಕೊಟ್ಟು ಅರ್ಧ ತೂಕ ಮಾಡಿಸಿ ಅಂತ ಒಬ್ಬರು ಹೇಳಿದರು. ಹಿಂದಿನ ಸ್ಪ್ರಿಂಗ್ ಗಟ್ಟಿ ಹಾಕಿದರೆ ಭಾರ ಹಿಂದಕ್ಕೆ ಹೋಗೋದು ನಿಲ್ಲುತ್ತಾ?

---

ಹೆಡ್‌ವರ್ಕ್:

ಫ್ಲೈವೀಲ್ ಮೊದಲು, ಯಾಕಂದರೆ ಇದರಲ್ಲಿ ಕಾಲು ಹೋಗುತ್ತೆ. ಕಂಪನಿ ಫ್ಲೈವೀಲ್ ಎರಕದ ಕಬ್ಬಿಣ. ಅದನ್ನ ಅರ್ಧಕ್ಕೆ ತುರಿದು 7000 ಆರ್‌ಪಿಎಂನಲ್ಲಿ ತಿರುಗಿಸಿ, ಮೇಲೆ ಕ್ಲಚ್ಚಿನ ಬಿಸಿ ಕೊಟ್ಟರೆ ಸಿಡಿಯುತ್ತೆ. ಚೂರುಗಳು ಬೆಲ್ ಹೌಸಿಂಗ್ ಸೀಳಿಕೊಂಡು ಪೆಡಲ್ ಹತ್ತಿರ ಬರುತ್ತವೆ. ಹಗುರ ಬೇಕಾದರೆ ಉಕ್ಕಿನ ಫ್ಲೈವೀಲ್ ಹೊಸದಾಗಿ ಮಾಡಿಸಿ, ಕ್ರ್ಯಾಂಕ್ ಮತ್ತು ಪ್ರೆಷರ್ ಪ್ಲೇಟ್ ಸಮೇತ ಬ್ಯಾಲೆನ್ಸ್ ಮಾಡಿಸಿ. ಡ್ರ್ಯಾಗ್‌ನಲ್ಲಿ ಅತಿ ಹಗುರ ಫ್ಲೈವೀಲ್ ಲಾಭವೂ ಅಲ್ಲ. ಹೊರಡುವಾಗ ಆರ್‌ಪಿಎಂ ಧೊಪ್ಪನೆ ಬಿದ್ದು ಎಂಜಿನ್ ತಡವರಿಸುತ್ತೆ.

ಹೆಡ್ ಉಜ್ಜಿಸೋದಕ್ಕೆ ಮಿಲಿಮೀಟರ್ ಲೆಕ್ಕ ಹೇಳೋರನ್ನ ನಂಬಬೇಡಿ. ಒಂದು ಸಿಲಿಂಡರ್ 324.5 ಸಿಸಿ. ಹೆಡ್ ತಲೆಕೆಳಗು ಇಟ್ಟು, ತೂತಿರುವ ಗಾಜು ಮುಚ್ಚಿ, ಬ್ಯುರೆಟ್‌ನಿಂದ ಸೀಮೆಎಣ್ಣೆ ಬಿಟ್ಟು ಚೇಂಬರ್ ಅಳೆಯಿರಿ. ಗ್ಯಾಸ್ಕೆಟ್ ದಪ್ಪ, ಪಿಸ್ಟನ್ ತಲೆಯ ಆಕಾರ ಸೇರಿಸಿ. ಒಟ್ಟು 40.6 ಸಿಸಿ ಬಂದರೆ ನಿಮ್ಮ ಕಂಪ್ರೆಷನ್ 9. ಅದನ್ನ 10.5ಕ್ಕೆ ತರಬೇಕಾದರೆ 34.2 ಸಿಸಿ, ಅಂದರೆ 6.4 ಸಿಸಿ ಕಡಿಮೆ. ಚೇಂಬರಿನ ಆಕಾರದ ಮೇಲೆ ಎಷ್ಟು ಮಿಮೀ ಅಂತ ಆಗ ಗೊತ್ತಾಗುತ್ತೆ. ಹೆಡ್ ಕೆಳಗಿಳಿದಷ್ಟೂ ಟೈಮಿಂಗ್ ಬೆಲ್ಟ್ ಕಾರಣದಿಂದ ಕ್ಯಾಮ್ ಹಿಂದೆ ಬೀಳುತ್ತೆ, ಅದಕ್ಕೆ ಹೊಂದಿಸಬಹುದಾದ ಕ್ಯಾಮ್ ಪುಲ್ಲಿ ಬೇಕೇ ಬೇಕು. ಪಿಸ್ಟನ್ ಮೇಲೆ ಮಕ್ಕಳ ಕ್ಲೇ ಇಟ್ಟು ಕೈಯಲ್ಲಿ ಎರಡು ಸುತ್ತು ತಿರುಗಿಸಿ, ಬಿಚ್ಚಿ, ಕತ್ತರಿಸಿ ಅಳೆಯಿರಿ. ಇನ್‌ಟೇಕ್ ವಾಲ್ವಿಗೆ 1.5 ಮಿಮೀ, ಎಗ್ಸಾಸ್ಟ್‌ಗೆ 2 ಮಿಮೀ ಕೂಡ ಇಲ್ಲದಿದ್ದರೆ ಮುಂದೆ ಹೋಗಬೇಡಿ.

ಆಮೇಲೆ 38 ಮಿಮೀ ಪೈಪಿನ 4-2-1 ಹೆಡರ್, 48-50 ಮಿಮೀ ಎಗ್ಸಾಸ್ಟ್, ಪೋರ್ಟ್ ನಯಗೊಳಿಸೋದು, ಸ್ವಲ್ಪ ಬಿರುಸು ಕ್ಯಾಮ್, ಗಟ್ಟಿ ವಾಲ್ವ್ ಸ್ಪ್ರಿಂಗ್, ಟ್ಯೂನ್ ಮಾಡಬಹುದಾದ ಇಸಿಯು (ಎಂಜಿನ್ ನಿಯಂತ್ರಿಸೋ ಕಂಪ್ಯೂಟರ್). ಇವೆಲ್ಲ ಒಟ್ಟಿಗೆ ಇದ್ದರೆ 105 ಬರುತ್ತೆ. ಒಂದೊಂದೇ ಹಾಕಿದರೆ ಖರ್ಚು ಮಾತ್ರ ಬರುತ್ತೆ.

ಹಳೇ ಗಾಡಿಗಳಲ್ಲಿ ಈಗ ಗಮನ ಕೊಡಬೇಕಾದ ಇನ್ನೊಂದು ವಿಷಯ ಇ20, ಅಂದರೆ 20% ಎಥೆನಾಲ್ ಬೆರೆಸಿದ ಪೆಟ್ರೋಲ್. ಎಥೆನಾಲ್ ಸೇರಿದ್ದಕ್ಕೆ ಅದು ಸುಡಲು ಬೇಕಾದ ಗಾಳಿ-ಇಂಧನದ ಪ್ರಮಾಣ 14.7 ಅಲ್ಲ, ಸುಮಾರು 13.5. ಪೂರ್ತಿ ಥ್ರಾಟಲ್‌ನಲ್ಲಿ ಹಳೇ ಇಸಿಯು ಆಕ್ಸಿಜನ್ ಸೆನ್ಸರ್ ಮಾತು ಕೇಳಲ್ಲ, ಹಳೇ ಅಳತೆಯಲ್ಲೇ ಪೆಟ್ರೋಲ್ ಬಿಡುತ್ತೆ. ಮಿಶ್ರಣ 8% ಒಣಗುತ್ತೆ, ಅಂದರೆ ಗಾಳಿಗೆ ತಕ್ಕಷ್ಟು ಇಂಧನ ಇರಲ್ಲ. ಅದಕ್ಕೇ ವೈಡ್‌ಬ್ಯಾಂಡ್ ಮೀಟರನ್ನ ಲ್ಯಾಂಬ್ಡಾದಲ್ಲಿ (ಇಂಧನ ಯಾವುದಾದರೂ ಸರಿಯಾದ ಮಿಶ್ರಣಕ್ಕೆ 1 ತೋರಿಸೋ ಅಳತೆ) ಇಟ್ಟುಕೊಂಡು 0.87-0.88ಕ್ಕೆ ಟ್ಯೂನ್ ಮಾಡಿಸಿ, 14.7ರ ಅಂಕಿಯ ಮೇಲೆ ಅಲ್ಲ. ಇಂಜೆಕ್ಟರ್ 85% ಡ್ಯೂಟಿಯಲ್ಲಿ 105 ಬಿಎಚ್‌ಪಿಗೆ ಒಂದೊಂದಕ್ಕೆ 162 ಸಿಸಿ ಬೇಕು ನಿಮಿಷಕ್ಕೆ, ಇ20ಗೆ 175. ನಿಮ್ಮವನ್ನ ಫ್ಲೋ ಟೆಸ್ಟ್ ಮಾಡಿಸಿ, ಸಾಲದಿದ್ದರೆ ಬದಲಾಯಿಸಿ. ರಬ್ಬರ್ ಫ್ಯೂಯಲ್ ಹೋಸ್ 2003ರವೇ ಆಗಿದ್ದರೆ ಅವನ್ನೂ ಪೂರ್ತಿ ತೆಗೆದು ಎಥೆನಾಲ್ ತಡೆಯುವವು ಹಾಕಿ. ಒಳಗಿನಿಂದ ಕರಗಿ ಬರೋ ಕಸ ಇಂಜೆಕ್ಟರ್ ಕಟ್ಟಿಸುತ್ತೆ.

---

ಕಾಲುಮೈಲಿ_ಲೆಕ್ಕ:

ಸ್ಪ್ರಿಂಗ್ ಪ್ರಶ್ನೆಗೆ: ಇಲ್ಲ, ನಿಲ್ಲಲ್ಲ. ಎಷ್ಟು ಭಾರ ಹಿಂದಕ್ಕೆ ಹೋಗುತ್ತೆ ಅನ್ನೋದನ್ನ ನಿರ್ಧರಿಸೋದು ವೇಗವರ್ಧನೆ, ಭಾರದ ಕೇಂದ್ರದ ಎತ್ತರ, ವೀಲ್‌ಬೇಸ್. ಸ್ಪ್ರಿಂಗ್ ಗಟ್ಟಿ ಮಾಡಿದರೆ ಅದು ಎಷ್ಟು ಬೇಗ ಆಗುತ್ತೆ, ಮೂತಿ ಎಷ್ಟು ಏಳುತ್ತೆ ಅನ್ನೋದು ಬದಲಾಗುತ್ತೆ. ಅದೂ ಮುಖ್ಯವೇ, ಮೂತಿ ಎದ್ದರೆ ಆಕ್ಸಲ್ ಕೋನ, ಟೋ ಎರಡೂ ಹಾಳಾಗಿ ಸ್ಟೀರಿಂಗ್ ಎಳೆಯುತ್ತೆ. ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿ, ಮುಂದೆ ಸ್ಟ್ರಟ್ ಪೂರ್ತಿ ಚಾಚದಂತೆ ತಡೆ ಕೊಡಿ. ಭಾರ ನಿಜವಾಗಿ ಕಡಿಮೆ ವಾಲಬೇಕಾದರೆ ಗಾಡಿ ತಗ್ಗಿಸಬೇಕು. 30 ಮಿಮೀ ತಗ್ಗಿಸಿದರೆ 6% ಕಡಿಮೆ.

ಒಂದು ಎಚ್ಚರಿಕೆ ಯಾರೂ ಹೇಳಲಿಲ್ಲ. ಹಿಂಭಾಗ ಇಷ್ಟು ಹಗುರ ಆದ ಮೇಲೆ 147ರಲ್ಲಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಸುತ್ತುತ್ತೆ. ಹಿಂದಿನ ಲೈನಿಗೆ ಹೊಂದಿಸಬಹುದಾದ ಪ್ರಪೋರ್ಷನಿಂಗ್ ವಾಲ್ವ್ (ಹಿಂದಿನ ಬ್ರೇಕಿನ ಒತ್ತಡ ಕಡಿಮೆ ಮಾಡೋದು) ಹಾಕಿಸಿ. ಆ ಒತ್ತಡ ಪೂರ್ತಿ ತಗ್ಗಿಸಿಟ್ಟು ಮೊದಲು 60, ಆಮೇಲೆ 80, 100ರಲ್ಲಿ ಬೇರೆ ಗಾಡಿ ಬರದ ಜಾಗದಲ್ಲಿ ಬ್ರೇಕ್ ಹಿಡಿದು ನೋಡಿ. ಮುಂದಿನ ಚಕ್ರವೇ ಮೊದಲು ಲಾಕ್ ಆಗಬೇಕು. ಹಿಂದಿನ ಬ್ರೇಕ್ ತೆಗೆದುಹಾಕೋ ಆಲೋಚನೆ ಬೇಡ.

ಕಾಗದದ ವಿಷಯಕ್ಕೆ ಬಂದರೆ, ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಈ ಗಾಡಿ ಇನ್ನು ರಸ್ತೆಗೆ ಬರುವಂತಿಲ್ಲ. 15 ವರ್ಷವೂ ದಾಟಿದೆ, ಆರ್‌ಸಿ ನವೀಕರಣಕ್ಕೆ ಕಾಸು ಸುರಿಯೋ ಬದಲು ಆರ್‌ಟಿಒದಲ್ಲಿ ನೋಂದಣಿ ರದ್ದು ಮಾಡಿಸೋದು ಸರಿ. ಟೆಸ್ಟ್ ಅಂತ ರಾತ್ರಿ ಹೆದ್ದಾರಿಗೆ ಇಳಿಸಿದರೆ ರಸ್ತೆ ರೇಸ್‌ಗೆ ಶಿಕ್ಷೆ ಕೊಡೋ 189ನೇ ಸೆಕ್ಷನ್ ಕಾಯ್ತಾ ಇರುತ್ತೆ, ಎದುರಿಗೆ ಬರೋ ಕುಟುಂಬವೂ ಇರುತ್ತೆ. ಕೇಜ್ ವೆಲ್ಡ್ ಮಾಡಿಸೋ ಮುಂಚೆಯೇ ನೀವು ಹೋಗೋ ಕೂಟದ ನಿಯಮ ಪುಸ್ತಕ ತರಿಸಿ, ನಿಮ್ಮ ಕ್ಲಾಸಿಗೆ ಕನಿಷ್ಠ ತೂಕ ಎಷ್ಟು, ಹಾರ್ನೆಸ್ ಮತ್ತು ಹೆಲ್ಮೆಟ್‌ಗೆ ಯಾವ ಗುರುತು ಬೇಕು, ಬ್ಯಾಟರಿ ಕಟ್-ಆಫ್ ಸ್ವಿಚ್ ಎಲ್ಲಿರಬೇಕು ಅಂತ ಓದಿಕೊಳ್ಳಿ. ಕೆಲವು ಕ್ಲಾಸ್‌ಗಳಲ್ಲಿ ಪಾಲಿಕಾರ್ಬೊನೇಟ್‌ಗೇ ಅನುಮತಿ ಇರಲ್ಲ, ಹಾಗಿದ್ದರೆ ಗ್ಲಾಸಿಗೆ ಕೈ ಹಾಕೋದೇ ಬೇಡ.